ಮಾಟುಂಗಾದ ಬರವಣಿಗೆ ಕ್ಲಾಸು: ಉದ್ದ ಬರಹಕ್ಕೆ ರೂಪಕದಿಂದ ಚೌಕಟ್ಟು

ಕೈಯಲ್ಲಿ ಒಂದು ಉದ್ದದ ಬರಹ ಇದೆ, ವಿಷಯ ಬೇಕಾದಷ್ಟಿದೆ, ಆದರೆ ಯಾವುದು ಮೊದಲು ಯಾವುದು ಆಮೇಲೆ ಅಂತ ತಿಳಿಯದೆ ಕೂತಿದ್ದೀರಿ ಅಂತಾದರೆ ಈ ಕ್ಲಾಸಿಗೆ ಖಂಡಿತ ಹೋಗಿ. ಹನಿಗವನ, ಸಣ್ಣ ಕಥೆ, ನಾಲ್ಕು ಪುಟದ ಲೇಖನ ಬರೆಯುವವರಿಗೆ ಇದರಿಂದ ಅಷ್ಟು ಉಪಯೋಗ ಇಲ್ಲ. ಇಲ್ಲಿ ಭಾಷೆ ಕಲಿಸುವುದಿಲ್ಲ, ವ್ಯಾಕರಣ ತಿದ್ದುವುದಿಲ್ಲ, ಶೈಲಿಯ ಬಗ್ಗೆ ಮಾತೇ ಇಲ್ಲ. 40, 50, 100 ಪುಟದ ಬರಹಕ್ಕೆ ಚೌಕಟ್ಟು ಹಾಕುವುದು ಹೇಗೆ, ಅದಕ್ಕೆ ರೂಪಕವನ್ನು ಬಳಸುವುದು ಹೇಗೆ, ಪೂರ್ತಿ ಕ್ಲಾಸು ಇದರ ಮೇಲೆಯೇ ನಡೆಯುತ್ತದೆ.

ಕ್ಲಾಸಿಗೆ ಹೆಸರು, ಬೋರ್ಡು ಅಂತ ಏನೂ ಇಲ್ಲ. ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ 'ಬರವಣಿಗೆ ಕ್ಲಾಸು' ಅಂತ ಒಂದು ಸಂದೇಶ ಓಡಾಡುತ್ತದೆ, ಅಷ್ಟೇ. ನಡೆಸುವವರು ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು, ಮೂಲ ದಕ್ಷಿಣ ಕನ್ನಡ, ಎಲ್ಲರೂ ಅವರನ್ನು ಮಾಸ್ಟ್ರು ಅಂತಲೇ ಕರೆಯುವುದು. ಶನಿವಾರ ಮಧ್ಯಾಹ್ನದಿಂದ ಸಂಜೆ, ಭಾನುವಾರ ಇಡೀ ದಿನ. ಜಾಗ ಮಾಟುಂಗಾ ಪೂರ್ವದಲ್ಲಿ, ಮಾರ್ಕೆಟಿನ ಹತ್ತಿರದ ಹಳೆಯ ಕಟ್ಟಡವೊಂದರ ಎರಡನೇ ಮಾಳಿಗೆ. ಫೀಸು ಸಾವಿರ ರೂಪಾಯಿಯ ಒಳಗೆ, ಭಾನುವಾರದ ಊಟ ಅದರಲ್ಲೇ ಬಂತು. ಮಾಟುಂಗಾದ ಊಟದ ಬಗ್ಗೆ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ನಾನು ಹೋದದ್ದು ನಮ್ಮ ಸಂಘದ ಸ್ಮರಣ ಸಂಚಿಕೆಯ ಕೆಲಸಕ್ಕಾಗಿ. ಇಲ್ಲಿನ ಕನ್ನಡಿಗರಿಗೆ ಸ್ಮರಣ ಸಂಚಿಕೆ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ರಜತ, ಸುವರ್ಣ, ವಜ್ರ, ಅಮೃತ ಅಂತ ಪ್ರತಿ ಮಹೋತ್ಸವಕ್ಕೂ ಒಂದು. ಹೋಟೆಲುಗಳ ಜಾಹೀರಾತು, ಗಣ್ಯರ ಸಂದೇಶ, ಗುಂಪು ಫೋಟೊ, ಇವೆಲ್ಲದರ ನಡುವೆ 'ಸಂಘ ನಡೆದು ಬಂದ ದಾರಿ' ಅಂತ ಒಂದು ಉದ್ದ ಲೇಖನ. ಜನ ಅದರಲ್ಲಿ ತಮ್ಮ ಹೆಸರು, ತಮ್ಮ ಮಾವನ ಹೆಸರು ಇದೆಯಾ ಅಂತ ನೋಡಿ ಮುಚ್ಚಿಬಿಡುತ್ತಾರೆ. ನನಗೆ ಇದು ನಿಜಕ್ಕೂ ನೋವಿನ ವಿಷಯ. ಯಾಕಂದರೆ ಆ ಲೇಖನದೊಳಗೆ ಇರುವ ಸಂಗತಿ ಬೇರೆ ಎಲ್ಲೂ ಸಿಗುವುದಿಲ್ಲ. ಊರಿನಿಂದ ಹನ್ನೆರಡು ಹದಿಮೂರು ವರ್ಷಕ್ಕೇ ಬಂದು, ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಮೆಟ್ರಿಕ್ ಮಾಡಿದ ಹುಡುಗರು, ಅವರಿಗಾಗಿ ದುಡ್ಡು ಕೂಡಿಸಿದವರು, ರಜೆಯ ದಿನ ನಾಟಕ ಆಡಿದವರು, ಇವರೆಲ್ಲರ ಕಥೆ ಇರುವುದು ನಮ್ಮ ಸಂಘಗಳ ಮಿನಿಟ್ಸ್ ಪುಸ್ತಕಗಳಲ್ಲಿ ಮತ್ತು ಇಂಥ ಸಂಚಿಕೆಗಳಲ್ಲಿ ಮಾತ್ರ. ಅದನ್ನು ಯಾರಾದರೂ ಕೊನೆಯವರೆಗೆ ಓದುವ ಹಾಗೆ ಬರೆಯಬೇಕು ಅನ್ನುವ ಆಸೆ ನನ್ನದು. ಮಿನಿಟ್ಸ್ ಪುಸ್ತಕಗಳ ಜೆರಾಕ್ಸ್, ಹಿರಿಯರ ಮಾತುಗಳ ರೆಕಾರ್ಡಿಂಗು, ನಾಟಕದ ಕರಪತ್ರಗಳು ಎಲ್ಲ ಇತ್ತು. ಕ್ರಮ ಮಾತ್ರ ಇರಲಿಲ್ಲ.

ಶನಿವಾರ ಮಾಸ್ಟ್ರು ಪೆನ್ನು ಹಿಡಿಯಲು ಬಿಡಲಿಲ್ಲ. ಪ್ರತಿಯೊಬ್ಬರೂ ಎದ್ದು ನಿಂತು, ತಮ್ಮ ಬರಹ ಯಾವುದರ ಹಾಗಿದೆ ಅಂತ ಹೇಳಬೇಕು. ಉತ್ತರಗಳು ನೀವು ಊಹಿಸಬಹುದಾದಂಥವೇ. ಒಬ್ಬರು ನದಿ ಅಂದರು. ಒಬ್ಬರು ಹೂಮಾಲೆ ಅಂದರು. ಕಲಬುರಗಿ ಕಡೆಯ, ಐರೋಲಿಯ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬರು 'ನಂದು ಆಲದ ಗಿಡ ಇದ್ದಂಗ್ರಿ ಸರ' ಅಂದರು. ಮಾಸ್ಟ್ರು ಯಾವುದನ್ನೂ ತಪ್ಪು ಅನ್ನಲಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು: 'ಹಾಗಾದರೆ ನಿಮ್ಮ ಹತ್ತಿರ ಇರುವುದರಲ್ಲಿ ಯಾವುದಕ್ಕೆ ಅದರಲ್ಲಿ ಜಾಗ ಇಲ್ಲ?'

ಈ ಪ್ರಶ್ನೆಗಾಗಿಯೇ ಫೀಸು ಕೊಡಬಹುದು ಅಂತ ನನ್ನ ಅಭಿಪ್ರಾಯ. ನದಿಗೆ ಎಲ್ಲವೂ ಬಂದು ಸೇರುತ್ತದೆ. ಮಾಲೆಗೆ ಯಾವ ಹೂವನ್ನಾದರೂ ಕಟ್ಟಬಹುದು, ಎಷ್ಟು ಉದ್ದ ಬೇಕಾದರೂ ಕಟ್ಟಬಹುದು. ಇಂಥ ರೂಪಕ ಕೇಳಲು ಚೆಂದ, ಆದರೆ ಬರೆಯುವವರಿಗೆ ಏನನ್ನೂ ಹೇಳಿಕೊಡುವುದಿಲ್ಲ. ಒಂದು ರೂಪಕ ಕೆಲಸಕ್ಕೆ ಬರಬೇಕಾದರೆ ಅದು 'ಇದು ಬೇಡ' ಅನ್ನಬೇಕು. ನೀವು ಕಷ್ಟಪಟ್ಟು ಕೂಡಿಸಿದ ಒಂದಷ್ಟು ಪುಟಗಳನ್ನಾದರೂ ಹೊರಗೆ ಇಡಿಸಬೇಕು. ಪತ್ರಿಕೆಯವರ ತಲೆಕೆಳಗಾದ ಪಿರಮಿಡ್ ಗೊತ್ತಲ್ಲ, ಮುಖ್ಯ ಸುದ್ದಿ ಮೇಲೆ, ಸಣ್ಣಪುಟ್ಟದ್ದು ಕೆಳಗೆ. ಅದು ಇಷ್ಟು ಕಾಲ ಬಾಳಿದ್ದು ಯಾಕೆ? ಮುಖ್ಯವಾದ ಮಾತನ್ನು ಕೊನೆಗೆ ಇಡಬಾರದು ಅಂತ ಅದು ಖಡಾಖಂಡಿತ ಹೇಳುತ್ತದೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಿದರೂ ಸುದ್ದಿ ಉಳಿಯುತ್ತದೆ.

ಆಮೇಲೆ ಮಾಸ್ಟ್ರು ಒಬ್ಬೊಬ್ಬರ ಬರಹ ತೆಗೆದುಕೊಂಡು ಬೋರ್ಡಿನ ಮೇಲೆ ಕಟ್ಟುತ್ತಾ ಹೋದರು. ಡೊಂಬಿವಿಲಿಯ ಅಕ್ಕ ಒಬ್ಬರು ತಮ್ಮ ಮಹಿಳಾ ಮಂಡಳಿಯನ್ನು ಕಟ್ಟಿದ ಹೆಂಗಸರ ಬಗ್ಗೆ ಬರೆಯುತ್ತಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ. ಸಮಸ್ಯೆ ಏನಂದರೆ, ಎಲ್ಲ ಅಧ್ಯಾಯವೂ ಹುಟ್ಟಿದ ಊರಿನಿಂದ ಶುರುವಾಗಿ ಸನ್ಮಾನಕ್ಕೆ ಮುಗಿಯುತ್ತದೆ. ಇದಕ್ಕೆ ಮಾಸ್ಟ್ರು ಕೊಟ್ಟ ರೂಪಕ ಚಾಳ್, ಅಂದರೆ ಸಾಲು ಕೋಣೆಗಳ ಮುಂಬಯಿಯ ಹಳೆಯ ವಠಾರ. ಸುಮ್ನೆ ಚಾಳ್ ಅಂದು ಬಿಡಲಿಲ್ಲ, ಎರಡು ತರದ ಚಾಳ್ ಬರೆದು ತೋರಿಸಿದರು. 1920ರ ದಶಕದಲ್ಲಿ ಸರ್ಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿದ ವರಳಿ, ನಾಯಗಾಂವ್ ಕಡೆಯ ಬಿಡಿಡಿ ಚಾಳ್‌ಗಳಲ್ಲಿ ಓಡಾಡುವ ಜಾಗ ಕಟ್ಟಡದ ಮಧ್ಯದಲ್ಲಿ, ಎರಡೂ ಕಡೆ ಕೋಣೆಗಳ ಸಾಲು, ಒಂದೊಂದು ಕೋಣೆ 160 ಚದರಡಿ. ಗಿರ್‌ಗಾಂವಿನ ಹಳೆಯ ಮರದ ಚಾಳ್‌ಗಳಲ್ಲಿ ಗ್ಯಾಲರಿ ಹೊರಗಡೆ ಇರುತ್ತದೆ, ಅದು ಅಂಗಳಕ್ಕೆ ತೆರೆದಿರುತ್ತದೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಪ್ರತಿ ಸಲ ಕೆಳಗೆ ಅಂಗಳದಲ್ಲಿ ಏನು ನಡೆಯುತ್ತಿದೆ ಅಂತ ಕಾಣುತ್ತದೆ.

ವ್ಯತ್ಯಾಸ ನೋಡಿ. ಮೊದಲನೆಯ ಚಾಳ್‌ನ ಹಾಗೆ ಬರೆದರೆ ಓದುಗರು ಒಂದು ಬಾಗಿಲು ಮುಚ್ಚಿ ಎದುರಿನ ಬಾಗಿಲು ತೆರೆಯುತ್ತಾರೆ, ನಡುವೆ ಕತ್ತಲೆ. ಎರಡನೆಯದರ ಹಾಗೆ ಬರೆದರೆ ಒಬ್ಬ ಹೆಂಗಸಿನ ಕಥೆಯಿಂದ ಇನ್ನೊಬ್ಬರ ಕಥೆಗೆ ಹೋಗುವಾಗ ಓದುಗರಿಗೆ ಅಂಗಳ ಕಾಣಬೇಕು. ಅಂದರೆ ಎಲ್ಲರೂ ಪಾಲುಗೊಂಡ ಒಂದೇ ಒಂದು ಘಟನೆ, ಅದು ಪ್ರತಿ ಸಲ ಸ್ವಲ್ಪ ಮುಂದೆ ಸರಿದಿರಬೇಕು. ಅಕ್ಕನ ಬರಹದಲ್ಲಿ ಅಂಥ ಘಟನೆ ಇತ್ತು. ಮಂಡಳಿಗೆ ಸ್ವಂತ ಜಾಗ ಮಾಡಿಕೊಳ್ಳಲು ವರ್ಷಗಟ್ಟಲೆ ನಡೆಸಿದ ಓಡಾಟ. ಅದಕ್ಕೆ ಅವರು ಕೊನೆಯಲ್ಲಿ ಒಂದು ಪ್ರತ್ಯೇಕ ಅಧ್ಯಾಯ ಇಟ್ಟಿದ್ದರು. ಈಗ ಅದು ಒಡೆದು ಗ್ಯಾಲರಿಗೆ ಬಂತು. ಸನ್ಮಾನಗಳೆಲ್ಲ ಹೊರಗೆ ಹೋದವು, ಯಾಕಂದರೆ ಅವು ಯಾವ ಕೋಣೆಯಲ್ಲೂ ನಡೆದದ್ದಲ್ಲ, ಅಂಗಳದಲ್ಲೂ ನಡೆದದ್ದಲ್ಲ. ಅಕ್ಕನಿಗೆ ಮೊದಲು ಬೇಜಾರಾಯಿತು. 'ಅವರ ಮಕ್ಕಳು ಕೇಳಿದರೆ ನಾನು ಏನು ಹೇಳಲಿ ಮಾಸ್ಟ್ರೇ?' ಅಂದರು. ಫೋಟೊದ ಅಡಿಬರಹದಲ್ಲಿ ಹಾಕಿ ಅಂದರು ಮಾಸ್ಟ್ರು.

ಲೋಕಲ್ ರೈಲಿನ ರೂಪಕ ಬರುತ್ತದೆ ಅಂತ ನನಗೆ ಮೊದಲೇ ಅನಿಸಿತ್ತು, ಮುಂಬಯಿಯಲ್ಲಿ ಅದು ಬಾರದೆ ಇರುತ್ತದಾ? ಆದರೂ ಬಳಸಿದ ರೀತಿ ಹಿಡಿಸಿತು. ಹೋಟೆಲ್ ನಡೆಸಿ ಈಗ ಮಗನಿಗೆ ವಹಿಸಿಕೊಟ್ಟ ಹಿರಿಯರೊಬ್ಬರು ಆತ್ಮಕಥೆ ಬರೆಯುತ್ತಿದ್ದಾರೆ. ವರ್ಷದಿಂದ ವರ್ಷಕ್ಕೆ ಎಲ್ಲವನ್ನೂ ಬರೆದಿದ್ದರು. ಇದು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್, ಫಾಸ್ಟ್ ಮಾಡಿ ಅಂದರು ಮಾಸ್ಟ್ರು. ಫಾಸ್ಟ್ ಲೋಕಲ್ ದಾದರ್, ಕುರ್ಲಾ, ಘಾಟ್‌ಕೋಪರ್, ಠಾಣೆಯಲ್ಲಿ ನಿಲ್ಲುತ್ತದೆ, ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ನಿಲ್ಲದ ಸ್ಟೇಷನ್ನೂ ಕಿಟಕಿಯಿಂದ ಕಾಣುತ್ತದೆ, ಬೋರ್ಡು ಓದಬಹುದು. ಹಾಗೆ ಕೆಲವು ವರ್ಷಗಳು ಒಂದೇ ವಾಕ್ಯದಲ್ಲಿ ದಾಟಿಹೋಗಲಿ. ಕಲ್ಯಾಣಿನಲ್ಲಿ ಹಳಿ ಎರಡಾಗಿ ಕಸಾರಾ ಕಡೆಗೊಂದು, ಕರ್ಜತ್ ಕಡೆಗೊಂದು ಹೋಗುತ್ತದೆ, ಮತ್ತೆ ಒಂದಾಗುವುದಿಲ್ಲ. ಹಿರಿಯರ ಕಥೆಯಲ್ಲಿ ಹೋಟೆಲು ಒಂದು ಕಡೆ, ಊರಿನ ಮನೆ ಒಂದು ಕಡೆ ಅಂತ ಎರಡು ಎಳೆ ಇದೆ, ಆದರೆ ಅವು ಆಗಾಗ ಸೇರುತ್ತವೆ. ಹಾಗಾಗಿ ಅವರಿಗೆ ಕಲ್ಯಾಣ್ ಹೊಂದುವುದಿಲ್ಲ, ದಾದರ್ ಹೊಂದುತ್ತದೆ. ಮಧ್ಯ ರೈಲ್ವೆ ಮತ್ತು ಪಶ್ಚಿಮ ರೈಲ್ವೆ ಎರಡೂ ಅಲ್ಲಿ ಪಕ್ಕಪಕ್ಕ ಇವೆ, ಜನ ಸೇತುವೆ ಹತ್ತಿ ಈ ಕಡೆಯಿಂದ ಆ ಕಡೆಗೆ ಹೋಗುತ್ತಾರೆ. ಒಂದು ಎಳೆಯಿಂದ ಇನ್ನೊಂದಕ್ಕೆ ದಾಟುವ ಸೇತುವೆ ಎಲ್ಲಿ ಅಂತ ಹುಡುಕಿ ಅಂದರು. ಊರಿಗೆ ಕಳಿಸುತ್ತಿದ್ದ ಮನಿ ಆರ್ಡರ್ ಆ ಸೇತುವೆ ಆಯಿತು.

ಇನ್ನೊಂದು ಮಾತು ಕೂಡ ಇಷ್ಟವಾಯಿತು. 1853ರ ಏಪ್ರಿಲ್ 16ರಂದು ಮೊದಲ ರೈಲು ಬೋರಿಬಂದರಿನಿಂದ ಠಾಣೆಗೆ ಓಡಿದಾಗ ಹಳಿ ಅಲ್ಲಿಗೇ ಮುಗಿದಿತ್ತು. ಕಲ್ಯಾಣಿಗೆ ಹೋದದ್ದು ಮರುವರ್ಷ. ಉದ್ದ ಬರಹವನ್ನೂ ಮೊದಲು ಠಾಣೆಯವರೆಗೆ ಪೂರ್ತಿ ಬರೆದು, ಯಾರಿಗಾದರೂ ಓದಲು ಕೊಡಿ, ಜನ ಹತ್ತಿ ಇಳಿಯಲಿ, ಆಮೇಲೆ ಮುಂದಿನ ಹಳಿ ಹಾಕಿ.

ನನ್ನ ಬರಹಕ್ಕೆ ಬಂದದ್ದು ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಇಡೀ ಕ್ಲಾಸಿನ ತಿರುಳು ಇದರಲ್ಲಿದೆ. ಊರಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುವುದು, ಇಲ್ಲಿನ ಹಾಲ್‌ಗಳಲ್ಲಿ ಆಟ, ತಾಳಮದ್ದಳೆ ನಡೆಯುವುದು ಎಲ್ಲರಿಗೂ ಗೊತ್ತು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿ ಆ ಪದ್ಯವನ್ನು ಹಿಡಿದು ಅಲ್ಲೇ, ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ಬೆಳೆಸುತ್ತಾರೆ. ಪದ್ಯ ಬರೆದಿಟ್ಟದ್ದು, ಅರ್ಥ ಬರೆದಿಟ್ಟದ್ದಲ್ಲ.

ಮಾಸ್ಟ್ರು ಹೇಳಿದ್ದು ಇಷ್ಟು. ಬರಹದ ಪ್ರತಿ ಭಾಗಕ್ಕೂ ಒಂದು ಪದ್ಯ ಇರಲಿ. ಪದ್ಯ ಅಂದರೆ ಒಂದು ಪೂರ್ತಿ ವಾಕ್ಯ, ಶೀರ್ಷಿಕೆ ಅಲ್ಲ. 'ರಾತ್ರಿ ಶಾಲೆ' ಅನ್ನುವುದು ಪದ್ಯ ಅಲ್ಲ. 'ಶಾಲೆಗೆ ದುಡ್ಡು ಸಾಲದಾದಾಗ ನಾಟಕ ಆಡಿ ದುಡ್ಡು ತಂದರು, ಆಮೇಲೆ ನಾಟಕವೇ ಶಾಲೆಗಿಂತ ದೊಡ್ಡದಾಯಿತು' ಅನ್ನುವುದು ಪದ್ಯ. ಅಂಥ ವಾಕ್ಯಗಳನ್ನು ಒಂದೊಂದು ರಟ್ಟಿನ ಚೀಟಿಯಲ್ಲಿ ಬರೆದು, ಮೇಜಿನ ಮೇಲೆ ಹರಡಿ, ಅವುಗಳನ್ನಷ್ಟೇ ಒಂದರ ಹಿಂದೆ ಒಂದು ಓದಿದರೆ ಕಥೆ ನಡೆಯಬೇಕು. ಅದು ಪ್ರಸಂಗ. ಅದು ಗಟ್ಟಿಯಾದ ಮೇಲೆ ಅರ್ಥವನ್ನು ಬರೆಯುವಾಗ ಸ್ವಾತಂತ್ರ್ಯ ನಿಮ್ಮದು. ಒಂದು ಪದ್ಯಕ್ಕೆ ಎರಡು ಪುಟ ಬರಬಹುದು, ಇನ್ನೊಂದಕ್ಕೆ ಹನ್ನೆರಡು ಪುಟ ಬರಬಹುದು, ಎಲ್ಲ ಭಾಗವೂ ಒಂದೇ ಅಳತೆಯಲ್ಲಿ ಇರಬೇಕು ಅಂತ ಏನಿಲ್ಲ. ಆದರೆ ಅರ್ಥಧಾರಿ ಮಾತು ಬೆಳೆಸುತ್ತಾ ಎಲ್ಲಿಗೋ ಹೋದಾಗ ಭಾಗವತರು ಏನು ಮಾಡುತ್ತಾರೆ? ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಬರೆಯುವವರೂ ಹಾಗೇ ಮಾಡಬೇಕು. ಒಂದು ಭಾಗ ಎಲ್ಲಿ ಮುಗಿಯಬೇಕು ಅಂತ ತಿಳಿಯದಿದ್ದರೆ ಮುಂದಿನ ಚೀಟಿಯನ್ನು ನೋಡಿ, ಅದು ಹಾಡಲು ಶುರುವಾಗಲಿ.

ಇಷ್ಟೇ ಆಗಿದ್ದರೆ ಒಳ್ಳೆಯ ಸಲಹೆ ಅಂತ ಬರೆದುಕೊಂಡು ಬರುತ್ತಿದ್ದೆ. ನನಗೆ ನಿಜವಾಗಿ ದಾರಿ ತೆರೆದದ್ದು ಇದರ ಮುಂದಿನ ಮಾತು. ತಾಳಮದ್ದಳೆಯ ಜೀವ ಇರುವುದು ಎದುರುಬದುರು ಕೂತ ಇಬ್ಬರು ಅರ್ಥಧಾರಿಗಳ ವಾದದಲ್ಲಿ. ಕೃಷ್ಣನ ಎದುರು ಕೌರವ, ರಾಮನ ಎದುರು ವಾಲಿ. ಎದುರಾಳಿ ಇಲ್ಲದ ಪದ್ಯ ಬೇಗ ದಾಟಿಹೋಗುತ್ತದೆ. ಹಾಗಾದರೆ ಸಂಘದ ಇತಿಹಾಸದಲ್ಲಿ ಎದುರುಬದುರು ಕೂತವರು ಯಾರು? ಮಿನಿಟ್ಸ್ ಪುಸ್ತಕದಲ್ಲಿ ಇದು ಎದ್ದು ಕಾಣುತ್ತದೆ. ಇದ್ದ ದುಡ್ಡನ್ನು ಶಾಲೆಗೆ ಹಾಕಬೇಕು ಅನ್ನುವವರು ಒಂದು ಕಡೆ, ನಾಟಕ, ಯಕ್ಷಗಾನ, ಹಬ್ಬ ನಡೆಸಬೇಕು ಅನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಒಳ್ಳೆಯವರೇ. ಎರಡೂ ಕಡೆ ನ್ಯಾಯ ಇದೆ. ದಣಿದು ಬಂದ ಹುಡುಗನಿಗೆ ಓದೂ ಬೇಕು, ತನ್ನ ಭಾಷೆಯಲ್ಲಿ ನಗುವ ಒಂದು ರಾತ್ರಿಯೂ ಬೇಕು. ವರ್ಷದಿಂದ ವರ್ಷಕ್ಕೆ ಸಭೆಗಳಲ್ಲಿ ಇದೇ ವಾದ ಬೇರೆ ಬೇರೆ ಹೆಸರಿನಲ್ಲಿ ನಡೆದಿದೆ. ನನ್ನ ಹತ್ತಿರ ಇದ್ದ ರಾಶಿಯಲ್ಲಿ ಈ ವಾದ ಇರುವ ಕಾಗದಗಳನ್ನು ಒಂದು ಕಡೆ, ಇಲ್ಲದವನ್ನು ಇನ್ನೊಂದು ಕಡೆ ಮಾಡಿದಾಗ ಲೇಖನ ಕಣ್ಣಿಗೆ ಕಂಡಿತು.

ಹೊರಗೆ ಹೋದದ್ದು ಏನು? ಅಧ್ಯಕ್ಷರ ಪಟ್ಟಿ. ಪ್ರತಿ ವರ್ಷದ ಕಾರ್ಯಕಾರಿ ಸಮಿತಿ. ಉದ್ಘಾಟನೆಗೆ ಬಂದ ಗಣ್ಯರು. ಇವಕ್ಕೆ ಎದುರಾಳಿ ಇಲ್ಲ, ಪದ್ಯ ಇಲ್ಲ. ಅವೆಲ್ಲ ಸಂಚಿಕೆಯ ಕೊನೆಯಲ್ಲಿ ಕೋಷ್ಟಕಕ್ಕೆ ಹೋಗುತ್ತವೆ, ಹುಡುಕುವವರಿಗೆ ಅಲ್ಲೇ ಬೇಗ ಸಿಗುತ್ತವೆ ಕೂಡ. ನಾನು ನೋಡಿದ ಸ್ಮರಣ ಸಂಚಿಕೆಗಳ ಇತಿಹಾಸ ಲೇಖನದಲ್ಲಿ ಅರ್ಧದಷ್ಟು ಇರುವುದು ಇದೇ.

ಭಾನುವಾರ ಊಟ ಆದ ಮೇಲೆ ನಾಟ್ಯಶಾಸ್ತ್ರದ ಭಾಗ. ಕಲೀನಾದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುವ ಹುಡುಗಿಯೊಬ್ಬಳ ಪ್ರಬಂಧಕ್ಕೆ ಇದನ್ನು ಬಳಸಿದರು. ಬೀಜ, ಬಿಂದು, ಪತಾಕೆ, ಪ್ರಕರಿ, ಕಾರ್ಯ ಅಂತ ಕಥೆಗೆ ಐದು ಅಂಗ. ಹಳಬರು ಕಥೆಯ ಕಟ್ಟನ್ನು ವಿವರಿಸಲು ರೂಪಕವನ್ನೇ ಹಿಡಿದಿದ್ದಾರೆ ನೋಡಿ. ಬೀಜ ಮೊದಲಲ್ಲಿ ಚಿಕ್ಕದಾಗಿ ಬಿದ್ದಿರುತ್ತದೆ, ಆಮೇಲೆ ಹಲವು ಕಡೆ ಹರಡುತ್ತದೆ. ಕಥೆ ಅಡ್ಡದಾರಿ ಹಿಡಿದು ಎಳೆ ಕಡಿದಾಗ ಅದನ್ನು ಮತ್ತೆ ಜೋಡಿಸುವುದು ಬಿಂದು. ಪತಾಕೆ ಅಂದರೆ ಮುಖ್ಯ ಕಥೆಯ ಜೊತೆಗೆ ದೂರದವರೆಗೆ ಬರುವ ಉಪಕಥೆ, ರಾಮಕಥೆಯಲ್ಲಿ ಸುಗ್ರೀವನ ಹಾಗೆ. ಪ್ರಕರಿ ಚಿಕ್ಕದು, ಬಂದು ಮುಗಿದುಹೋಗುವಂಥದ್ದು, ಜಟಾಯುವಿನ ಹಾಗೆ. ಉದ್ದ ಬರಹ ಬರೆಯುವವರಿಗೆ ಪತಾಕೆ ಮತ್ತು ಪ್ರಕರಿಯ ಭೇದ ತುಂಬಾ ಉಪಯೋಗದ್ದು. ನಿಮ್ಮ ಪ್ರತಿ ಉಪಕಥೆಗೂ ಕೇಳಿ: ಇದು ಸುಗ್ರೀವನಾ, ಜಟಾಯುವಾ? ಸುಗ್ರೀವನಾದರೆ ಅವನು ಮುಖ್ಯ ಕೆಲಸಕ್ಕೆ ಏನಾದರೂ ಮಾಡಬೇಕು, ಮತ್ತೆ ಮತ್ತೆ ಕಾಣಿಸಿಕೊಳ್ಳಬೇಕು. ಜಟಾಯುವಾದರೆ ಒಂದೇ ಸಲ, ಆದರೆ ಆ ಒಂದು ಸಲ ಪೂರ್ತಿ ಮನಸ್ಸಿಟ್ಟು ಬರೆಯಬೇಕು. ಈ ಭಾಗವನ್ನು ಮಾಸ್ಟ್ರು ಅವಸರದಲ್ಲಿ ಮುಗಿಸಿದರು. ಶನಿವಾರದ ಪರಿಚಯ, ಹಾಡು, ಸ್ವಾಗತ ಎಲ್ಲ ಕಡಿಮೆ ಮಾಡಿ ಇದಕ್ಕೆ ಸಮಯ ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಕೊನೆಗೆ ಒಂದು ಪರೀಕ್ಷೆ ಕೊಟ್ಟರು, ಅದು ಗ್ರೀಸಿನಿಂದ ಬಂದದ್ದು. ಪ್ಲೇಟೊ ಬರೆದ ಸಂವಾದವೊಂದರಲ್ಲಿ ಸಾಕ್ರಟೀಸ್ ಹೇಳುತ್ತಾನೆ, ಮಾತು ಅನ್ನುವುದು ಜೀವಂತ ದೇಹದ ಹಾಗಿರಬೇಕು, ತಲೆ ಇಲ್ಲದೆ ಕಾಲಿಲ್ಲದೆ ಇರಬಾರದು, ಭಾಗಗಳು ಒಂದಕ್ಕೊಂದು ಮತ್ತು ಇಡೀ ದೇಹಕ್ಕೆ ಹೊಂದಬೇಕು ಅಂತ. ಅದರ ಬೆನ್ನಿಗೇ ಮಿಡಾಸ್ ರಾಜನ ಗೋರಿಯ ಮೇಲಿನ ಸಾಲುಗಳನ್ನು ಹೇಳಿ, ಇವುಗಳಲ್ಲಿ ಯಾವುದನ್ನು ಮೊದಲು ಓದಿದರೂ ಯಾವುದನ್ನು ಕೊನೆಗೆ ಓದಿದರೂ ಏನೂ ವ್ಯತ್ಯಾಸ ಇಲ್ಲ ಅಂತ ತೋರಿಸುತ್ತಾನೆ. ಮಾಸ್ಟ್ರ ಪರೀಕ್ಷೆಯೂ ಇದೇ. ನಮ್ಮ ಚೀಟಿಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಕಲೆಸಿ ಪಕ್ಕದವರ ಕೈಗೆ ಕೊಡಬೇಕು. ಅವರು ಅದನ್ನು ಮೊದಲಿದ್ದ ಕ್ರಮಕ್ಕೆ ತರಬಲ್ಲರಾ? ಬಹುಪಾಲು ತಂದರೆ ಚೌಕಟ್ಟು ಇದೆ. ಎಲ್ಲ ಕ್ರಮವೂ ಅವರಿಗೆ ಸರಿ ಅನಿಸಿದರೆ ಅಲ್ಲಿ ಚೌಕಟ್ಟು ಇಲ್ಲ. ಇದನ್ನು ಮನೆಯಲ್ಲೇ ಯಾರ ಜೊತೆಗಾದರೂ ಮಾಡಿ ನೋಡಬಹುದು, ಕ್ಲಾಸಿಗೆ ಬರಲೇಬೇಕು ಅಂತಿಲ್ಲ.

ಐರೋಲಿಯವರು ಕೇಳಿದರು, ಇದಕ್ಕೆಲ್ಲ ಸಾಫ್ಟ್‌ವೇರ್ ಅದಾವಲ್ರಿ, ಚೀಟಿ ಯಾಕ? ಮಾಸ್ಟ್ರಿಗೆ ಕಂಪ್ಯೂಟರಿನ ಬಳಕೆ ಇಲ್ಲ, ಅವರು ಉತ್ತರ ಹೇಳಲಿಲ್ಲ. ನನಗೆ ಅನಿಸುವುದು ಹೇಳುತ್ತೇನೆ. ಪ್ರತಿ ಆಪ್‌ನ ಒಳಗೂ ಒಂದು ರೂಪಕ ಮೊದಲೇ ಕೂತಿರುತ್ತದೆ. ಸ್ಕ್ರಿವ್‌ನರ್ ತೆಗೆದುಕೊಳ್ಳಿ, 2007ರಿಂದ ಇದೆ, ಕಾದಂಬರಿಕಾರರು ತುಂಬಾ ಬಳಸುತ್ತಾರೆ. ಅದರಲ್ಲಿ ಇರುವುದು ಗೋಡೆಗೆ ಹಾಕಿದ ಬೋರ್ಡು, ಅದಕ್ಕೆ ಚುಚ್ಚಿದ ಚೀಟಿಗಳು, ಪಕ್ಕದಲ್ಲಿ ಒಂದು ಫೈಲು. ಚೀಟಿಗಳ ಜಾಗ ಬದಲಾಯಿಸಿದರೆ ಬರಹದ ಭಾಗಗಳೂ ಜಾಗ ಬದಲಾಯಿಸುತ್ತವೆ. ತಾಳಮದ್ದಳೆಯ ಪದ್ಯಗಳಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಮೈಂಡ್ ಮ್ಯಾಪ್ ಆಪ್‌ಗಳಲ್ಲಿ ಇರುವುದು ನಡುವಿನಿಂದ ಸುತ್ತಲೂ ಹೊರಟ ಕೊಂಬೆಗಳು. ವಿಷಯ ಕೂಡಿಸಲು ಒಳ್ಳೆಯದು, ಆದರೆ ಕೊಂಬೆಗಳಿಗೆ ಮೊದಲು ಕೊನೆ ಇಲ್ಲ, ಓದುಗರಿಗೆ ಇದೆ. ಹಾಗಾಗಿ ಆಪ್ ಬೇಕಾದರೆ ಬಳಸಿ, ಆದರೆ ನಿಮ್ಮ ಬರಹದ ರೂಪಕ ಯಾವುದು ಅಂತ ಮೊದಲು ಕಂಡುಕೊಂಡು ಆಮೇಲೆ ಅದಕ್ಕೆ ಹೊಂದುವ ಆಪ್ ಹುಡುಕಿ.

ಈಗ ಕೊರತೆಗಳು. ಎಲ್ಲಕ್ಕಿಂತ ದೊಡ್ಡದು, ಉದಾಹರಣೆಗಳೆಲ್ಲ ಕರಾವಳಿಯವರಿಗೆ ಅನುಕೂಲ. ಮುಂಬಯಿಯಲ್ಲಿ ಕನ್ನಡ ಮಾತಾಡುವವರೆಲ್ಲ ಉಡುಪಿ, ಮಂಗಳೂರು ಕಡೆಯವರೇ ಅಲ್ಲ. ತಾಳಮದ್ದಳೆಯ ಮಾತು ನಡೆಯುವಾಗ ಕಲಬುರಗಿಯವರು ಪೂರ್ತಿ ಹೊರಗುಳಿದರು. ಕೊನೆಗೆ ಅವರೇ ಎದ್ದು 'ನಮ್ಮ ಕಡೆ ಹರದೇಶಿ ನಾಗೇಶಿ ಅದಾವಲ್ರಿ ಸರ, ಒಬ್ಬರು ಸವಾಲ್ ಹಾಕತಾರ, ಒಬ್ಬರು ಜವಾಬ್ ಕೊಡತಾರ' ಅಂದರು. ಗೀಗೀ ಪದದ ಆ ವಾದ ಉದ್ದ ಬರಹಕ್ಕೆ ಎಷ್ಟು ಒಳ್ಳೆಯ ಚೌಕಟ್ಟು! ಒಂದು ಹಾಡು ಬಿಟ್ಟ ಪ್ರಶ್ನೆಯನ್ನು ಮುಂದಿನ ಹಾಡು ಎತ್ತಿಕೊಳ್ಳಲೇಬೇಕು. ಲಾವಣಿ ಕಟ್ಟಿ ಹಾಡುವ ಮರಾಠಿ ಶಾಹಿರರಲ್ಲಿ ಕಲಗಿ ತುರಾ ಅಂತ ಇಂಥದ್ದೇ ಇದೆ, ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅದು ಹತ್ತಿರ ಆಗಬಹುದು. ಮಾಸ್ಟ್ರು ತಲೆಯಾಡಿಸಿದರು, ಆದರೆ ಬೋರ್ಡಿನ ಮೇಲೆ ಅದನ್ನು ಕಟ್ಟಿ ತೋರಿಸಲಿಲ್ಲ. ಮುಂದಿನ ಸಲ ಅದಕ್ಕೆ ಜಾಗ ಕೊಡಬೇಕು ಅಂತ ನಾನು ಬರೆದು ಕೊಟ್ಟಿದ್ದೇನೆ.

ಎರಡನೆಯದು, ಕ್ಲಾಸು ಮುಗಿದ ಮೇಲೆ ಏನೂ ಇಲ್ಲ. ಚೀಟಿ ಹಿಡಿದು ಮನೆಗೆ ಹೋಗುತ್ತೀರಿ, ಆಮೇಲೆ ಬರೆದದ್ದನ್ನು ನೋಡುವವರು ಯಾರೂ ಇಲ್ಲ. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಒಂದೊಂದು ಭಾಗ ಓದುವ ಏರ್ಪಾಡು ಮಾಡಿದರೆ ಅದಕ್ಕೆ ಬೇರೆ ಫೀಸು ಕೊಡಲೂ ಜನ ಸಿದ್ಧರಿದ್ದರು. ಜೆರಾಕ್ಸ್ ಪ್ರತಿಗಳು ಮಸುಕು, ಅಕ್ಷರ ಚಿಕ್ಕದು, ಹಿರಿಯರಿಗೆ ಓದಲು ಆಗಲಿಲ್ಲ. ಕಿಟಕಿ ತೆರೆದರೆ ಮಾರ್ಕೆಟಿನ ಗದ್ದಲ, ಮುಚ್ಚಿದರೆ ಸೆಕೆ.

ಒಂದು ವಿಷಯದಲ್ಲಿ ಮಾಸ್ಟ್ರ ಮಾತನ್ನು ನಾನು ಒಪ್ಪುವುದಿಲ್ಲ. ಹೋಟೆಲಿನ ಹಿರಿಯರು ತಮ್ಮ ಅಧ್ಯಾಯಗಳಿಗೆ ದಾದರ್, ಕುರ್ಲಾ, ಠಾಣೆ ಅಂತಲೇ ಹೆಸರು ಇಡುತ್ತೇನೆ ಅಂದರು. ಮಾಸ್ಟ್ರು ಖುಷಿಯಾಗಿ ಇಡಿ ಇಡಿ ಅಂದರು. ಇಡಬಾರದು. ರೂಪಕ ಇರುವುದು ಬರೆಯುವವರಿಗೆ, ಕ್ರಮ ಕಂಡುಕೊಳ್ಳುವುದಕ್ಕೆ. ಅದನ್ನು ಓದುಗರ ಮುಂದೆ ಹರಡಿದರೆ ಅವರ ಗಮನವೆಲ್ಲ ರೈಲಿನ ಕಡೆ ಹೋಗುತ್ತದೆ, ಹದಿಮೂರು ವರ್ಷದ ಹುಡುಗ ತಟ್ಟೆ ತೊಳೆದದ್ದರ ಕಡೆ ಹೋಗುವುದಿಲ್ಲ. ಮೇಲಾಗಿ ಹೆಸರು ಇಟ್ಟುಬಿಟ್ಟರೆ ಬರೆಯುವವರು ಅದಕ್ಕೆ ಕಟ್ಟುಬೀಳುತ್ತಾರೆ, ಘಾಟ್‌ಕೋಪರ್‌ಗೆ ಹೇಳುವಂಥದ್ದು ಏನೂ ಇಲ್ಲದಿದ್ದರೂ ಒಂದು ಅಧ್ಯಾಯ ಬರೆಯುತ್ತಾರೆ. ಮೊದಲ ಕರಡು ಮುಗಿಯುವವರೆಗೆ ರೂಪಕದ ಮಾತು ಕೇಳಬೇಕು. ಕರಡು ಮುಗಿದ ಮೇಲೆ ಬರಹವೇ ತನಗೆ ಏನು ಬೇಕು ಅಂತ ಹೇಳಲು ಶುರು ಮಾಡುತ್ತದೆ. ನನ್ನ ಲೇಖನದಲ್ಲಿ ಶಾಲೆ ಮತ್ತು ನಾಟಕದ ವಾದ ಮುಕ್ಕಾಲು ಭಾಗದವರೆಗೆ ಚೆನ್ನಾಗಿ ನಡೆಯಿತು. ಆಮೇಲೆ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಲು ಬರುವ ಹುಡುಗರೇ ಕಡಿಮೆಯಾದರು, ವಾದಕ್ಕೆ ಒಂದು ಕಡೆಯವರೇ ಇಲ್ಲವಾದರು. ಅಲ್ಲಿ ತಾಳಮದ್ದಳೆಯನ್ನು ಪಕ್ಕಕ್ಕೆ ಇಟ್ಟು, ಖಾಲಿಯಾದ ಬೆಂಚುಗಳ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಕ್ಲಾಸಿನಲ್ಲಿ ಇದನ್ನು 'ಎಲ್ಲಿ ಬಿಡಬೇಕು' ಅಂತ ಒಂದು ಪಾಠವಾಗಿಯೇ ಸೇರಿಸಬೇಕು.

ಯಾರು ಹೋಗಬೇಕು? ಸಂಘ ಸಂಸ್ಥೆಗಳ ಇತಿಹಾಸ, ಆತ್ಮಕಥೆ, ಅಪ್ಪ ಅಮ್ಮನ ಜೀವನ ಚರಿತ್ರೆ, ಪಿಎಚ್.ಡಿ. ಪ್ರಬಂಧ ಬರೆಯುವವರು. ಕಾದಂಬರಿ ಬರೆಯುವವರೂ ಹೋಗಬಹುದು. ಬರೀ ಯೋಚನೆ ಹಿಡಿದು ಹೋಗಬೇಡಿ. ಸಾಮಗ್ರಿ ಕೂಡಿಸಿಕೊಂಡು, ಕನಿಷ್ಠ ಒಂದು ಚೀಲ ಕಾಗದವಾದರೂ ಹಿಡಿದು ಹೋಗಿ, ಇಲ್ಲದಿದ್ದರೆ ಹೊರಗೆ ಹಾಕಲು ಏನೂ ಇರುವುದಿಲ್ಲ. ರಟ್ಟಿನ ಚೀಟಿಗಳನ್ನು ನೀವೇ ತರಬೇಕು, ಅಂಚೆ ಕಾರ್ಡಿನ ಅಳತೆಯದ್ದು ಒಳ್ಳೆಯದು, ಚಿಕ್ಕದರಲ್ಲಿ ಒಂದು ಪೂರ್ತಿ ವಾಕ್ಯ ಹಿಡಿಯುವುದಿಲ್ಲ. ಮಧ್ಯ ರೈಲ್ವೆಯವರಿಗೆ ಮಾಟುಂಗಾ, ಹಾರ್ಬರ್‌ನವರಿಗೆ ಕಿಂಗ್ಸ್ ಸರ್ಕಲ್, ಪಶ್ಚಿಮದವರಿಗೆ ಮಾಟುಂಗಾ ರೋಡ್ ಹತ್ತಿರ. ಭಾನುವಾರ ಹಳಿ ರಿಪೇರಿಗೆ ಮೆಗಾ ಬ್ಲಾಕ್ ಇರುತ್ತದೆ, ಅದರಲ್ಲೂ ಮಾಟುಂಗಾದಿಂದ ಮುಲುಂಡ್‌ವರೆಗೆ ಆಗಾಗ ಇರುತ್ತದೆ, ಹಿಂದಿನ ದಿನವೇ ನೋಡಿಕೊಂಡು ಹೊರಡಿ. ಮಾಸ್ಟ್ರು ಹೇಳಿದ ಸಮಯಕ್ಕೆ ಸರಿಯಾಗಿ ಶುರು ಮಾಡುತ್ತಾರೆ, ತಡವಾಗಿ ಬಂದವರಿಗೆ ಮತ್ತೆ ಹೇಳುವುದಿಲ್ಲ.